ಗಣಿತದ ಪುಸ್ತಕವನ್ನು ಆರಿಸುವ ಬಗೆ

ಪ್ರತಿ ವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದು ಪದವಿಪೂರ್ವ ತರಗತಿಗಳು ಆರಂಭವಾಗುವ ದಿನಗಳಲ್ಲಿ, ಗಣಿತವನ್ನು ಬೋಧಿಸುವ ನಮ್ಮಂಥವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. "ಮಗುವಿಗೆ ಗಣಿತಕ್ಕೆ ಯಾವ ಪುಸ್ತಕ ಕೊಡಿಸೋಣ, ಸ್ವಾಮಿ?" ಎಂದು ತಂದೆತಾಯಿಗಳು ಕೇಳುತ್ತಾರೆ. ಒಂದು ಹೆಸರನ್ನು ಹೇಳಿಬಿಟ್ಟರೆ ಅವರಿಗೂ ಸಮಾಧಾನ, ನಮಗೂ ಸುಲಭ. ಆದರೆ ಒಬ್ಬನಿಗೆ ಒಗ್ಗಿದ ಪುಸ್ತಕ ಮತ್ತೊಬ್ಬನಿಗೆ ಒಗ್ಗುವುದೆಂಬ ಭರವಸೆಯಿಲ್ಲ. ಹೆಸರು ಹೇಳುವವರು ಸಿಕ್ಕದಿದ್ದರೆ ಜನರು ಅಂಗಡಿಗೆ ಹೋಗಿ ಎಲ್ಲಕ್ಕಿಂತ ದಪ್ಪನಾದುದನ್ನು ಕೊಂಡು ತರುತ್ತಾರೆ. ತೂಕ ನೋಡಿ ಬೆಲ್ಲವನ್ನು ಕೊಳ್ಳಬಹುದು, ಪುಸ್ತಕವನ್ನು ಕೊಳ್ಳಲಾಗದು. ಆದುದರಿಂದ ಈ ದಿನ ನಾವು ಹೆಸರುಗಳ ಪಟ್ಟಿಯನ್ನು ಕೊಡುವುದಿಲ್ಲ. ಪುಸ್ತಕವನ್ನು ಕೈಯಲ್ಲಿ ಹಿಡಿದು ನೀವೇ ಪರೀಕ್ಷಿಸತಕ್ಕ ಬಗೆಯನ್ನು ತಿಳಿಸಲು ಯತ್ನಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ನಮ್ಮ ಬಳಿಗೆ ಬಂದಿದ್ದನು. ಪ್ರೌಢಶಾಲೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವನು. ಪದವಿಪೂರ್ವ ತರಗತಿಗೆ ಸೇರಿ ನಾಲ್ಕೇ ತಿಂಗಳಲ್ಲಿ "ಗಣಿತ ನನ್ನ ಹಣೆಯಲ್ಲಿ ಬರೆದಿಲ್ಲ" ಎಂಬ ನಿರ್ಧಾರಕ್ಕೆ ಬಂದುಬಿಟ್ಟಿದ್ದನು. ನಾವು ಅವನಿಗೆ ಒಂದು ಚಿಕ್ಕ ಲೆಕ್ಕವನ್ನು ಕೊಟ್ಟೆವು. ಇಲ್ಲಿ ಕರಿಹಲಗೆಯಿಲ್ಲವಾದ್ದರಿಂದ ಅದನ್ನು ಮಾತಿನಲ್ಲಿಯೇ ಹೇಳುತ್ತೇವೆ. ಒಂದು ಸಂಖ್ಯೆಯ ವರ್ಗವು ಆ ಸಂಖ್ಯೆಯ 5ರಷ್ಟಕ್ಕೆ ಸಮವಾಗಿದೆ. ಆ ಸಂಖ್ಯೆ ಯಾವುದು? ಹುಡುಗನು ಎರಡು ಕಡೆಯನ್ನೂ ಆ ಸಂಖ್ಯೆಯಿಂದಲೇ ಭಾಗಿಸಿ, ಥಟ್ಟನೆ 5 ಎಂದನು. 5 ಸರಿಯೇ. ಆದರೆ ಸೊನ್ನೆಯೂ ಸರಿಯಲ್ಲವೆ? ಸೊನ್ನೆಯ ವರ್ಗ ಸೊನ್ನೆ. ಸೊನ್ನೆಯ 5ರಷ್ಟೂ ಸೊನ್ನೆ. ಎರಡು ಉತ್ತರಗಳಲ್ಲಿ ಒಂದು ಕಾಣೆಯಾಯಿತು. ಹೇಗೆಂದರೆ, ಭಾಗಿಸುವ ಸಂಖ್ಯೆ ಸೊನ್ನೆಯಾಗಿದ್ದರೆ ಭಾಗಾಕಾರವೇ ಸಲ್ಲದೆಂಬುದನ್ನು ಅವನು ನೆನೆಯಲಿಲ್ಲ. ಅವನ ಪುಸ್ತಕವನ್ನು ತರಿಸಿ ನೋಡಿದೆವು. ನೂರಾರು ಪುಟಗಳ ಆ ಗ್ರಂಥದಲ್ಲಿ ಸೂತ್ರಗಳೆಲ್ಲ ಚೌಕಟ್ಟಿನೊಳಗೆ ಮುದ್ದಾಗಿ ಅಚ್ಚಾಗಿದ್ದುವು. ಯಾವ ಸೂತ್ರ ಎಲ್ಲಿ ಸಲ್ಲುವುದಿಲ್ಲವೆಂಬ ಮಾತು ಮಾತ್ರ ಹುಡುಕಿದರೂ ಸಿಕ್ಕಲಿಲ್ಲ. ತಪ್ಪು ಹುಡುಗನದೆಂದು ಹೇಳಲು ನಮಗೆ ಮನಸ್ಸಾಗಲಿಲ್ಲ.

ಪುಸ್ತಕದ ಯೋಗ್ಯತೆಯನ್ನು ಅಳೆಯಲು ನಮ್ಮಲ್ಲಿರುವ ಮುಖ್ಯವಾದ ಅಳತೆಗೋಲು ಇದೇ. ನಿಯಮವನ್ನು ಹೇಳುವುದು ಎಲ್ಲ ಪುಸ್ತಕಗಳೂ ಮಾಡುವ ಕೆಲಸ. ಆ ನಿಯಮದ ಎಲ್ಲೆಯನ್ನೂ ತೋರಿಸಿಕೊಡುವ ಪುಸ್ತಕವೇ ಒಳ್ಳೆಯ ಪುಸ್ತಕ.

ಸೊನ್ನೆಯ ಈ ತೊಡಕು ಇಂದು ನಿನ್ನೆಯದಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಕನ್ನಡನಾಡಿನ ಅರಸನ ಆಶ್ರಯವನ್ನು ನೆನೆಯುವ ಆ ಗ್ರಂಥ ನಮ್ಮ ದೇಶದ ಉತ್ತಮ ಗಣಿತ ಪಠ್ಯಗಳಲ್ಲೊಂದು. ಆದರೂ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂದು ಅದರಲ್ಲಿ ಹೇಳಿದೆ. ಸುಮಾರು ಮೂರು ಶತಮಾನಗಳ ತರುವಾಯ, 12ನೆಯ ಶತಮಾನದಲ್ಲಿ, ಭಾಸ್ಕರಾಚಾರ್ಯನು ಅಂಥ ರಾಶಿಗೆ ಖಹರವೆಂದು ಹೆಸರಿಟ್ಟು ಅದು ಅನಂತವೆಂದು ಬಗೆದನು. ಇಂದಿನ ಬೀಜಗಣಿತವಾದರೋ ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವನ್ನೇ ಕೊಟ್ಟಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಮಹಾಪಂಡಿತರೇ ಎಡವಿದ ಸ್ಥಳದಲ್ಲಿ ಹದಿನಾರು ವರ್ಷದ ಹುಡುಗನಿಗೆ ದೀಪವನ್ನು ಹಿಡಿಯಬೇಕಾದದ್ದು ಪಠ್ಯಪುಸ್ತಕದ ಧರ್ಮವಲ್ಲವೆ?

ಅಂಗಡಿಗೆ ಹೋಗುವ ಮೊದಲು ಮತ್ತೊಂದು ವಿಷಯವನ್ನು ನಿಶ್ಚಯಿಸಿಕೊಳ್ಳಬೇಕು. ಕಾಲೇಜಿನಲ್ಲಿ ಗೊತ್ತುಮಾಡಿರುವ ಪುಸ್ತಕವನ್ನು ಬದಿಗಿಟ್ಟು ಇನ್ನೊಂದನ್ನು ಹಿಡಿಯುವುದು ವಿವೇಕವಲ್ಲ. 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯವರ 11 ಮತ್ತು 12ನೆಯ ತರಗತಿಗಳ ಗಣಿತಪುಸ್ತಕಗಳು ಅಂತರ್ಜಾಲದಲ್ಲಿ ಯಾರಿಗೇ ಆಗಲಿ ಬೆಲೆಯಿಲ್ಲದೆ ದೊರೆಯುತ್ತವೆ. ಅವುಗಳಲ್ಲಿ ವಿವರಣೆ ಮಿತವಾದದ್ದು, ಕ್ರಮ ಅಚ್ಚುಕಟ್ಟಾದದ್ದು. ಎರಡನೆಯ ಪುಸ್ತಕ ಬೇಕಾಗುವುದು ಮೊದಲನೆಯದರಲ್ಲಿ ಸಂಕ್ಷೇಪವಾಗಿರುವುದನ್ನು ವಿಸ್ತರಿಸಿ ತಿಳಿಯಲು, ಇನ್ನೂ ನಾಲ್ಕು ಲೆಕ್ಕಗಳನ್ನು ಮಾಡಿ ಕೈಯನ್ನು ಪಳಗಿಸಲು. ನಾವು ಹೇಳುವ ಪರೀಕ್ಷೆಗಳು ವಿಶೇಷವಾಗಿ ಈ ಎರಡನೆಯ ಪುಸ್ತಕಕ್ಕೆ ಸಂಬಂಧಿಸಿದುವು.

ಮೊದಲನೆಯ ಪರೀಕ್ಷೆ ಎಲ್ಲೆಯದು. ವರ್ಗಮೂಲವುಳ್ಳ ಸಮೀಕರಣಗಳ ಭಾಗವನ್ನು ತೆರೆದು ನೋಡಿರಿ. ಒಂದು ಸಂಖ್ಯೆಗೆ 6ನ್ನು ಕೂಡಿಸಿ ವರ್ಗಮೂಲವನ್ನು ತೆಗೆದರೆ ಅದೇ ಸಂಖ್ಯೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಎರಡು ಕಡೆಯನ್ನೂ ವರ್ಗಮಾಡಿ ಬಿಡಿಸಿದರೆ 3 ಮತ್ತು ಋಣ 2 ಎಂಬ ಎರಡು ಬೆಲೆಗಳು ದೊರೆಯುತ್ತವೆ. 3ಕ್ಕೆ 6ನ್ನು ಕೂಡಿಸಿದರೆ 9, ಅದರ ವರ್ಗಮೂಲ 3, ಸರಿಹೋಯಿತು. ಋಣ 2ಕ್ಕೆ 6ನ್ನು ಕೂಡಿಸಿದರೆ 4. ಅದರ ವರ್ಗಮೂಲ 2 ಆಗುತ್ತದೆಯೇ ಹೊರತು ಋಣ 2 ಆಗುವುದಿಲ್ಲ. ನಮ್ಮ ಹುಡುಗನ ಲೆಕ್ಕದಲ್ಲಿ ಮನೆಯವನೊಬ್ಬನು ಕಳೆದುಹೋಗಿದ್ದನು. ಇಲ್ಲಿ ಕರೆಯದ ಅತಿಥಿಯೊಬ್ಬನು ಪಂಕ್ತಿಯಲ್ಲಿ ಬಂದು ಕುಳಿತಿದ್ದಾನೆ. ಉತ್ತರವನ್ನು ಮೂಲ ಸಮೀಕರಣದಲ್ಲಿಟ್ಟು ತಾಳೆನೋಡಬೇಕೆಂದು ಪುಸ್ತಕ ಹೇಳಿದೆಯೆ? ಅತಿಥಿ ಯಾವ ಹೆಜ್ಜೆಯಲ್ಲಿ ಒಳಹೊಕ್ಕನೆಂಬುದನ್ನು ತೋರಿಸಿದೆಯೆ? ತೋರಿಸಿದ್ದರೆ ಆ ಗ್ರಂಥಕರ್ತನು ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು ಬರೆದವನೆಂದು ನಂಬಬಹುದು.

ಎರಡನೆಯ ಪರೀಕ್ಷೆ ಕಾರಣದ್ದು. ಕಲನಶಾಸ್ತ್ರದ ಹೊಸ್ತಿಲಲ್ಲಿ ಒಂದು ಪ್ರಸಿದ್ಧವಾದ ಫಲವಿದೆ. ಕೋನವು ಸೊನ್ನೆಯ ಕಡೆಗೆ ಕಿರಿದಾಗುತ್ತ ಹೋದಂತೆ, ಅದರ ಸೈನನ್ನು ಕೋನದಿಂದ ಭಾಗಿಸಿದ ಬೆಲೆಯು 1ನ್ನು ಸಮೀಪಿಸುತ್ತದೆ. ಕೋನವನ್ನು ರೇಡಿಯನ್ನಿನಲ್ಲಿ ಅಳೆದರೆ ಮಾತ್ರವೇ ಇದು ನಿಜ. ಡಿಗ್ರಿಯಲ್ಲಿ ಅಳೆದು 1 ಡಿಗ್ರಿಯ ಸೈನನ್ನು 1ರಿಂದ ಭಾಗಿಸಿದರೆ ಬರುವುದು ಸುಮಾರು 0.01745. ಒಳ್ಳೆಯ ಪುಸ್ತಕವು ವೃತ್ತವೊಂದನ್ನು ಬರೆದು, ಒಳಗಿನ ತ್ರಿಕೋಣ, ತ್ರಿಜ್ಯಾಂತರ ಖಂಡ, ಹೊರಗಿನ ತ್ರಿಕೋಣ ಇವುಗಳ ಕ್ಷೇತ್ರಫಲಗಳನ್ನು ಹೋಲಿಸಿ, ಫಲ ಹೇಗೆ ಬಂತೆಂಬುದನ್ನು ಕಣ್ಣಿಗೆ ಕಟ್ಟುವಂತೆ ತಿಳಿಸುತ್ತದೆ. ಸಾಮಾನ್ಯ ಪುಸ್ತಕವು ಫಲವನ್ನು ಚೌಕಟ್ಟಿನಲ್ಲಿ ಕೊಟ್ಟು ಮುಂದೆ ಸಾಗುತ್ತದೆ.

ಕಾರಣವಿಲ್ಲದ ಪುಸ್ತಕದಿಂದಲೇ ಶ್ರೀನಿವಾಸ ರಾಮಾನುಜನ್ ಅವರು ಮಹಾಗಣಿತಜ್ಞರಾಗಲಿಲ್ಲವೆ ಎಂದು ಕೆಲವರು ಕೇಳಬಹುದು. 1903ರ ಸುಮಾರಿನಲ್ಲಿ ಅವರ ಕೈಗೆ ಸಿಕ್ಕಿದ ಕಾರ್ ಎಂಬವರ ಸಂಗ್ರಹದಲ್ಲಿ ಸಾವಿರಾರು ಪ್ರಮೇಯಗಳಿದ್ದು, ಬಹುಮಟ್ಟಿಗೆ ಅವುಗಳ ಸಾಧನೆಯ ವಿವರ ಇರಲಿಲ್ಲವೆಂಬುದು ನಿಜ. ಆದರೆ ಅದು ವಿದ್ಯಾರ್ಥಿಗಳನ್ನು ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದ ಒಬ್ಬ ಬೋಧಕರು ಪುನರಾವರ್ತನೆಗೆಂದು ಹೊಂದಿಸಿದ ಸಂಗ್ರಹ. ಇಲ್ಲದ ಸಾಧನೆಗಳನ್ನು ತಾವೇ ಕಟ್ಟಿಕೊಳ್ಳಬಲ್ಲ ಅಸಾಧಾರಣ ಪ್ರತಿಭೆ ರಾಮಾನುಜನ್ ಅವರಿಗಿತ್ತು. ಹಾಗಿದ್ದೂ ಸಾಧನೆಯೆಂದರೆ ಏನೆಂಬ ವಿಷಯದಲ್ಲಿ ಅವರ ಕಲ್ಪನೆ ಅಸ್ಪಷ್ಟವಾಗಿತ್ತೆಂದು, ಅವರನ್ನು ಕೇಂಬ್ರಿಜ್ಜಿಗೆ ಕರೆಸಿಕೊಂಡ ಹಾರ್ಡಿಯವರೇ ತಿಳಿಸಿದ್ದಾರೆ. ಗರುಡನು ಹಾರಿದ ದಾರಿಯನ್ನು ಕಾಲ್ನಡಿಗೆಯವರಿಗೆ ತೋರಿಸಬಾರದು.

ಮೂರನೆಯ ಪರೀಕ್ಷೆ ಅಭ್ಯಾಸದ ಲೆಕ್ಕಗಳದು. ಲೆಕ್ಕಗಳು ಮೆಟ್ಟಿಲುಗಳಂತಿರಬೇಕು. 10 ಮಂದಿಯಲ್ಲಿ 3 ಮಂದಿಯ ಸಮಿತಿಯನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? 120. ಅದೇ 10 ಮಂದಿಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮೂವರನ್ನು ನೇಮಿಸುವುದಾದರೆ? 720. ಆ 10 ಮಂದಿಯಲ್ಲಿ ಇಬ್ಬರಿಗೆ ಪರಸ್ಪರ ಆಗುವುದಿಲ್ಲ, ಇಬ್ಬರೂ ಒಂದೇ ಸಮಿತಿಯಲ್ಲಿ ಇರಲೊಲ್ಲರು ಎಂದರೆ? ಆ ಇಬ್ಬರೂ ಕೂಡಿರುವ ಸಮಿತಿಗಳು 8. 120ರಲ್ಲಿ ಅವನ್ನು ಕಳೆದರೆ 112. ಮೂರು ಲೆಕ್ಕಗಳು, ಮೂರು ಮೆಟ್ಟಿಲುಗಳು. ಪ್ರತಿಯೊಂದರಲ್ಲಿಯೂ ಒಂದೇ ಒಂದು ಹೊಸ ವಿಚಾರ. ಮೊದಲನೆಯ ಬಗೆಯ ಲೆಕ್ಕವನ್ನೇ ಅಂಕಿಗಳನ್ನು ಬದಲಾಯಿಸಿ 40 ಸಲ ಕೊಡುವ ಪುಸ್ತಕದಿಂದ ಕೈ ಸೋಲುತ್ತದೆಯೇ ಹೊರತು ಬುದ್ಧಿ ಬೆಳೆಯುವುದಿಲ್ಲ. ಮೊದಲ ಮೆಟ್ಟಿಲಿನಿಂದ ನೇರವಾಗಿ ಹತ್ತನೆಯದಕ್ಕೆ ಹಾರುವ ಪುಸ್ತಕದಿಂದ ಧೈರ್ಯ ಕುಂದುತ್ತದೆ.

ಹಾಲ್ ಮತ್ತು ನೈಟ್ ಅವರು 1887ರಲ್ಲಿ ಪ್ರಕಟಿಸಿದ ಉನ್ನತ ಬೀಜಗಣಿತವೂ ಲೋನಿಯವರ 1893ರ ತ್ರಿಕೋಣಮಿತಿಯೂ ನಮ್ಮ ದೇಶದಲ್ಲಿ ಇಂದಿಗೂ ಮರುಮುದ್ರಣವಾಗುತ್ತಿರುವುದಕ್ಕೆ ಅವುಗಳ ಲೆಕ್ಕಗಳ ಸಮೃದ್ಧಿಯೇ ಮುಖ್ಯ ಕಾರಣ. ಈಗಿನ ಪಾಠಪಟ್ಟಿಯಲ್ಲಿರುವ ಗಣಗಳು, ಮಾತೃಕೆಗಳು ಮುಂತಾದ ವಿಷಯಗಳು ಅವುಗಳಲ್ಲಿ ದೊರೆಯವು. ಆದುದರಿಂದ ಅವು ಅಭ್ಯಾಸಕ್ಕೆ ನೆರವಾಗಬಲ್ಲುವೇ ಹೊರತು ಪಾಠಕ್ಕೆ ಸಾಲವು. ಇದೇ ಸಂದರ್ಭದಲ್ಲಿ ಪುಸ್ತಕದ ಕೊನೆಯಲ್ಲಿರುವ ಉತ್ತರಗಳ ಪೈಕಿ ಐದಾರನ್ನು ತಾಳೆನೋಡಿರಿ, ಇಲ್ಲವೆ ಬಲ್ಲವರಿಂದ ನೋಡಿಸಿರಿ. ಅಚ್ಚಿನ ತಪ್ಪು ಎಲ್ಲಿಯೂ ಇರಬಹುದು. ಆರರಲ್ಲಿ ಎರಡು ತಪ್ಪಾಗಿದ್ದರೆ ಆ ಪುಸ್ತಕವನ್ನು ಕೆಳಗಿಡುವುದೇ ಲೇಸು. ತಪ್ಪು ಪುಸ್ತಕದ್ದೆಂದು ವಿದ್ಯಾರ್ಥಿಗೆ ತಿಳಿಯದು. ಸರಿಯಾಗಿ ಮಾಡಿದ ಲೆಕ್ಕವನ್ನೇ ಅವನು ಹೊಡೆದುಹಾಕಿ ಮತ್ತೆ ಮತ್ತೆ ಮಾಡುತ್ತಾನೆ.

ನಾಲ್ಕನೆಯ ಪರೀಕ್ಷೆ ಭಾಷೆಯದು. ನಮ್ಮ ನಾಡಿನಲ್ಲಿ ಇದು ಅತ್ಯಂತ ಮುಖ್ಯವಾದದ್ದೆಂದು ನಮ್ಮ ಅಭಿಪ್ರಾಯ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಪದವಿಪೂರ್ವ ವಿಜ್ಞಾನ ತರಗತಿಗೆ ಸೇರಿದಾಗ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಗಣಿತವನ್ನು ಕಲಿಯಬೇಕಾಗುತ್ತದೆ. ವರ್ಗಸಮೀಕರಣವು ಕ್ವಾಡ್ರಾಟಿಕ್ ಈಕ್ವೇಷನ್ ಆಗಿ, ಸಂಭವನೀಯತೆಯು ಪ್ರಾಬಬಿಲಿಟಿಯಾಗಿ ಬಂದು ನಿಂತಾಗ, ಹಳೆಯ ಗೆಳೆಯನನ್ನು ಹೊಸ ವೇಷದಲ್ಲಿ ಗುರುತಿಸಲಾರದೆ ಮಗು ಕಂಗೆಡುತ್ತದೆ. ಗಣಿತ ತಿಳಿಯಲಿಲ್ಲವೆಂದು ಅಳುವ ಎಷ್ಟೋ ಮಕ್ಕಳಿಗೆ ತಿಳಿಯದಿರುವುದು ಗಣಿತವಲ್ಲ, ವಾಕ್ಯ. ಆದುದರಿಂದ ಪುಸ್ತಕದ ಒಂದು ಪುಟವನ್ನು ಮಗುವಿನಿಂದಲೇ ಓದಿಸಿ, ಓದಿದುದನ್ನು ಕನ್ನಡದಲ್ಲಿ ಹೇಳೆಂದು ಕೇಳಿರಿ. ಅರ್ಧದಷ್ಟನ್ನಾದರೂ ಹೇಳಿದರೆ ಆ ಪುಸ್ತಕವನ್ನು ಕೊಳ್ಳಬಹುದು. ಜೊತೆಗೆ ಒಂದು ಸಣ್ಣ ನೋಟುಪುಸ್ತಕವನ್ನು ಕೊಡಿಸಿ, ಒಂದು ಕಡೆ ಕನ್ನಡದ ಮಾತು, ಇನ್ನೊಂದು ಕಡೆ ಇಂಗ್ಲಿಷಿನ ಮಾತು ಎಂದು ಬರೆಯಿಸುತ್ತ ಬಂದರೆ, ಮೂರು ತಿಂಗಳೊಳಗೆ ಈ ಭಯದ ಬಹುಭಾಗ ಕಳೆಯುವುದನ್ನು ನಾವು ಕಂಡಿದ್ದೇವೆ.

ಪ್ರವೇಶಪರೀಕ್ಷೆಗಳಿಗೆಂದೇ ಅಚ್ಚಾಗುವ ಗೈಡುಗಳ ವಿಷಯದಲ್ಲಿಯೂ ಒಂದು ಮಾತು. ಲೆಕ್ಕವನ್ನು ಕ್ಷಣದಲ್ಲಿ ಬಿಡಿಸುವ ಒಳದಾರಿಗಳನ್ನು ಅವು ಕಲಿಸುತ್ತವೆ. ಒಳದಾರಿ ತಪ್ಪಲ್ಲ, ಊರಿನ ಹೆದ್ದಾರಿಯನ್ನು ಬಲ್ಲವನಿಗೆ ಅದು ಅನುಕೂಲವೇ. ದಾರಿಯನ್ನೇ ಅರಿಯದವನು ಒಳದಾರಿಯನ್ನು ಹಿಡಿದರೆ ಹಿಂದಿರುಗಿ ಬರುವುದು ಹೇಗೆ? ಅಧ್ಯಾಯವನ್ನು ಪಠ್ಯಪುಸ್ತಕದಿಂದ ಕಲಿತು ಮುಗಿಸಿದ ಮೇಲೆಯೇ ಗೈಡನ್ನು ತೆರೆಯತಕ್ಕದ್ದು.

ಇಷ್ಟನ್ನು ಪರೀಕ್ಷಿಸಲು ಅಂಗಡಿಯಲ್ಲಿ ಅರ್ಧ ಗಂಟೆಯಾದರೂ ಬೇಕಾಗಬಹುದು. ಅಂಗಡಿಯವರು ತುಸು ಬೇಸರಪಟ್ಟರೂ ಚಿಂತೆಯಿಲ್ಲ. ಒಂದು ಸೀರೆಯನ್ನು ಕೊಳ್ಳುವುದಕ್ಕೆ ನಾವು ಇದಕ್ಕಿಂತ ಹೆಚ್ಚು ಹೊತ್ತನ್ನು ವಿನಿಯೋಗಿಸುತ್ತೇವೆ. ಮಗುವನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿರಿ. ಪುಸ್ತಕದೊಡನೆ ಎರಡು ವರ್ಷ ಸಂಸಾರ ಮಾಡತಕ್ಕದ್ದು ಅದೇ.

ನಮ್ಮ ಬಳಿಗೆ ಬಂದಿದ್ದ ಹುಡುಗನಿಗೆ ನಾವು ಹೊಸ ಪುಸ್ತಕವನ್ನೇನೂ ಕೊಡಿಸಲಿಲ್ಲ. ಅವನ ಪುಸ್ತಕದಲ್ಲಿನ ಪ್ರತಿಯೊಂದು ಸೂತ್ರದ ಕೆಳಗೂ "ಇದು ಯಾವಾಗ ಸಲ್ಲದು?" ಎಂದು ಪೆನ್ಸಿಲಿನಿಂದ ಬರೆದುಕೊಂಡು ಉತ್ತರವನ್ನು ಹುಡುಕೆಂದು ಹೇಳಿದೆವು. ಅವನು ವರ್ಷವಿಡೀ ಹಾಗೆಯೇ ಮಾಡಿದನು. ಪುಸ್ತಕದಲ್ಲಿ ಇಲ್ಲದ ಮಾತುಗಳು ಕ್ರಮೇಣ ಅದರ ಅಂಚುಗಳಲ್ಲಿ ತುಂಬಿಕೊಂಡುವು. ಹಣೆಬರಹದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.