ದೂರ್ವಾಸಪುರದ ಮೂರನೆಯ ಮನೆ

ಕವಲೇದುರ್ಗದ ಕೋಟೆಯನ್ನೇರಿ, ಅರಮನೆಯಿದ್ದ ಜಾಗದಲ್ಲಿ ಉಳಿದಿರುವ ಕಲ್ಲಿನ ಅಡಿಪಾಯದ ಮೇಲೆ ಕುಳಿತಾಗ ನನಗೆ ನೆನಪಾದವರು ಕೆಳದಿಯ ಅರಸರಲ್ಲ, ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರು. ಅದಕ್ಕೆ ಕಾರಣವಿದೆ. ಕೋಟೆಯಿರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಯು.ಆರ್. ಅನಂತಮೂರ್ತಿ 1932ರಲ್ಲಿ ಹುಟ್ಟಿದ ಮೇಳಿಗೆಯೂ ಬಾಲ್ಯದಲ್ಲಿ ಸಂಸ್ಕೃತ ಕಲಿತ ದೂರ್ವಾಸಪುರವೂ ಇದೇ ಸೀಮೆಯವು. ದೂರದ ಬರ್ಮಿಂಗ್‌ಹ್ಯಾಂನಲ್ಲಿ ಸಂಶೋಧನೆಗೆಂದು ಹೋಗಿದ್ದಾಗ ಅವರು ಈ ಕಾದಂಬರಿ ಬರೆದರು. ಅದು ಪ್ರಕಟವಾದದ್ದು 1965ರಲ್ಲಿ. ನಾಯಕನಿಗೊಂದು ಊರು ಬೇಕಾದಾಗ ಅವರು ಹೊಸ ಹೆಸರನ್ನೇನೂ ಹುಡುಕಲಿಲ್ಲ.

ಆ ಊರಾದರೂ ಎಷ್ಟು ದೊಡ್ಡದು? ತುಂಗೆಯ ದಡದ ಒಂದೇ ಬೀದಿಯ ಅಗ್ರಹಾರ. ಒಂದು ಮನೆಯಲ್ಲಿ ರೋಗಿ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ಬಗೆದ ಆಚಾರ್ಯರು, ತಾಳೆಗರಿ, ಪುರಾಣಶ್ರವಣ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಸಾಲಿಗ್ರಾಮವನ್ನು ಹೊಳೆಗೆಸೆದ ನಾರಣಪ್ಪ, ಅವನ ಚಂದ್ರಿ, ಅಂಗಳದಲ್ಲಿ ಘಮಘಮಿಸುವ ರಾತ್ರಿರಾಣಿ. ನಾರಣಪ್ಪ ಸತ್ತ ಮೇಲೆ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಎದ್ದು, ಅಗ್ರಹಾರ ಉಪವಾಸ ಬೀಳುತ್ತದೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಇದನ್ನು ಸಿನಿಮಾ ಮಾಡಿದಾಗ ಗಿರೀಶ ಕಾರ್ನಾಡ್ ಆಚಾರ್ಯರಾದರು, ಪಿ. ಲಂಕೇಶ್ ನಾರಣಪ್ಪನಾದರು. ಸೆನ್ಸಾರ್ ಅಡ್ಡಿಯನ್ನು ದಾಟಿ ಬಂದ ಆ ಚಿತ್ರ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಅಂದಿನಿಂದ ಈ ಎರಡು ಮನೆಗಳ ನಡುವಿನ ಅಂತರವನ್ನು ಅಳೆಯುವುದೇ ನಮ್ಮ ವಿಮರ್ಶೆಯ ಕಸುಬಾಯಿತು. ನಾನೂ ಕಾಲೇಜಿನ ದಿನಗಳಲ್ಲಿ ಉತ್ಸಾಹದಿಂದ ಅಳೆದವನೇ.

ಈಚೆಗೆ ಮತ್ತೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯದೊಂದು ಮನೆ. ಅದು ಅಗ್ರಹಾರದಾಚೆಯ ದಲಿತರ ಕೇರಿಯ ಗುಡಿಸಲು. ಅಲ್ಲಿಯೂ ಜನ ಜ್ವರದಿಂದ ಸಾಯುತ್ತಾರೆ. ಶವಗಳನ್ನು ಒಳಗೇ ಬಿಟ್ಟು ಗುಡಿಸಲಿಗೆ ಬೆಂಕಿ ಕೊಡುತ್ತಾರೆ. ಇತ್ತ ಒಂದು ಹೆಣದ ಸುತ್ತ ಧರ್ಮಶಾಸ್ತ್ರವೆಲ್ಲ ಜಮಾಯಿಸಿದೆ. ಚಂದ್ರಿ ಮುಂದಿಟ್ಟ ಚಿನ್ನದ ಮೇಲೂ ಕಣ್ಣುಗಳು ಬಿದ್ದಿವೆ. ಅತ್ತ ಹೆಣಕ್ಕೆ ಮಂತ್ರವೂ ಇಲ್ಲ, ವಿವಾದವೂ ಇಲ್ಲ. ಇಲಿಗಳು ಬಿದ್ದು ಸಾಯುತ್ತಿವೆ, ಮಾಡುಗಳ ಮೇಲೆ ಹದ್ದುಗಳು ಬಂದು ಕೂರುತ್ತಿವೆ. ಜಾಗಟೆ ಬಾರಿಸಿ ಹದ್ದುಗಳನ್ನು ಓಡಿಸುವ ಅಗ್ರಹಾರಕ್ಕೆ ಕೂಗಳತೆಯ ಕೇರಿಯ ಸಾವು ಒಂದು ಸೂಚನೆಯಾಗಿ ಕಾಣುವುದೇ ಇಲ್ಲ. ಕಂಡಿದ್ದರೆ ಅದು ಪ್ಲೇಗ್ ಎಂದು ತಿಳಿಯುತ್ತಿತ್ತು, ಕೆಲವರಾದರೂ ಉಳಿಯುತ್ತಿದ್ದರೇನೋ.

ಕಾದಂಬರಿಕಾರರು ಇದನ್ನು ಕೆಲವೇ ಸಾಲುಗಳಲ್ಲಿ ಮುಗಿಸಿಬಿಟ್ಟರಲ್ಲ ಎಂದು ನನಗೂ ಅಸಮಾಧಾನವಿತ್ತು. ಈಗ ಅನ್ನಿಸುತ್ತದೆ, ಆ ಚುಟುಕುತನವೇ ಅಗ್ರಹಾರದ ಕಣ್ಣಿನ ನಿಜವಾದ ಅಳತೆ. ಆದರೂ ಒಂದು ತಕರಾರು ಉಳಿದೇ ಇದೆ. ಬೆಳ್ಳಿಯ ಚೆಲುವನ್ನು ಅಷ್ಟು ನೋಡಿದ ಕಾದಂಬರಿ ಅವಳ ಮನಸ್ಸಿನೊಳಗೆ ಹೋಗುವ ಗೋಜಿಗೆ ಹೋಗಲಿಲ್ಲ. ಆಚಾರ್ಯರ ತಳಮಳಕ್ಕಾದರೋ ಪುಟಗಟ್ಟಲೆ ಜಾಗ ಸಿಕ್ಕಿದೆ. 1973ರ ‘ಭಾರತೀಪುರ’ದ ಜಗನ್ನಾಥ ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹಟ ಹಿಡಿಯುವುದು ಈ ಬಾಕಿ ತೀರಿಸಲೆಂದೇ ಇರಬಹುದು. ಅಲ್ಲಿಯೂ ನಾವು ಹೆಚ್ಚಾಗಿ ಕೇಳುವುದು ಜಗನ್ನಾಥನ ಎದೆಬಡಿತವನ್ನೇ.

ಹೆಂಡತಿಯನ್ನು ಸುಟ್ಟು ಊರು ಬಿಟ್ಟ ಆಚಾರ್ಯರು ನಡೆದು ಸೇರುವುದು ಮೇಳಿಗೆಯ ತೇರಿಗೆ. ಕೋಳಿ ಅಂಕ, ಕಾಫಿ ಅಂಗಡಿ, ಬೆನ್ನು ಬಿಡದ ಪುಟ್ಟ! ಲೇಖಕರು ತಮ್ಮ ನಾಯಕನನ್ನು ಬಯಲಿಗೆಳೆಯಲು ತಾವು ಹುಟ್ಟಿದ ಊರಿನ ಜಾತ್ರೆಯನ್ನೇ ಆರಿಸಿಕೊಂಡರು. ಸಾಹಿತ್ಯಾಸಕ್ತರು ಇಂದಿಗೂ ಈ ಸೀಮೆಗೆ ಬಂದು ಆಚಾರ್ಯರ ಮನೆ ಎಲ್ಲಿದ್ದೀತೆಂದು ಊಹಿಸುವುದುಂಟು, ನಾರಣಪ್ಪನ ಮನೆಯನ್ನೂ ಊಹಿಸುವುದುಂಟು. ಬೆಳ್ಳಿಯ ಗುಡಿಸಲು ಎಲ್ಲಿತ್ತೆಂದು ಯಾರಾದರೂ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕವಲೇದುರ್ಗದಲ್ಲಿ ಅರಮನೆಯ ಮಾಡು ಹೋದರೂ ಅಡಿಪಾಯ ಉಳಿದಿದೆ, ಗುಡಿ ಉಳಿದಿದೆ, ಕಲ್ಲಿನ ಒಲೆಯೂ ಉಳಿದಿದೆ. ಈ ಕಲ್ಲುಗಳನ್ನು ಹೊತ್ತು ತಂದವರು ಎಲ್ಲಿ ವಾಸವಿದ್ದರು ಎಂದು ಜೊತೆಗೆ ಬಂದಿದ್ದ ಊರಿನ ಹಿರಿಯರನ್ನು ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, ಕೋಟೆಯ ಹೊರಗಿನ ಕಾಡಿನತ್ತ ಸುಮ್ಮನೆ ಕೈ ಬೀಸಿದರು.