ಹಕ್ಕಿಯ ದನಿಗೆ ಕನ್ನಡದ ಮಾತು

ಕನ್ನಡದಲ್ಲಿ ಹಕ್ಕಿಗಳ ದನಿಯನ್ನು ಸೂಚಿಸುವ ಪದಗಳಲ್ಲಿ ಹೆಚ್ಚಿನವು ಅನುಕರಣ ಪದಗಳು, ಅಂದರೆ ಕಿವಿಗೆ ಬಿದ್ದ ಸದ್ದನ್ನು ಬಾಯಿಂದ ಹಾಗೆಯೇ ಮರಳಿಸಲು ಯತ್ನಿಸುವ ಪದಗಳು. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇಂತಹ ಪದಗಳನ್ನು ಅವ್ಯಯಗಳ ಜೊತೆಗೆ ಪರಿಗಣಿಸಿದ್ದಾನೆ. ಕಾಗೆಯ 'ಕಾ ಕಾ', ಗುಬ್ಬಿಯ 'ಚಿಂವ್ ಚಿಂವ್' ಇವುಗಳಲ್ಲಿ ಒಂದೇ ಸದ್ದು ಎರಡು ಬಾರಿ ಬಂದರೆ, 'ಚಿಲಿಪಿಲಿ'ಯಲ್ಲಿ ಎರಡನೆಯ ಭಾಗದ ಮೊದಲ ವ್ಯಂಜನ ಮಾತ್ರ ಬದಲಾಗಿ, ಒಂದು ಹಕ್ಕಿಯ ದನಿಗಿಂತ ಹಲವು ಹಕ್ಕಿಗಳ ಗಲಾಟೆಯನ್ನೇ ಸೂಚಿಸುವಂತಾಗುತ್ತದೆ. ಇವಕ್ಕೆ 'ಗುಟ್ಟು' ಸೇರಿದರೆ 'ಚಿಲಿಪಿಲಿಗುಟ್ಟು' ಎಂಬಂತಹ ಕ್ರಿಯಾಪದ ಸಿದ್ಧವಾಗುತ್ತದೆ.

ದನಿಯೇ ಹಕ್ಕಿಯ ಹೆಸರಾಗಿ ನಿಲ್ಲುವುದೂ ಉಂಟು. ಸಂಸ್ಕೃತದ 'ಕಾಕ', 'ಟಿಟ್ಟಿಭ', ಮಲೆನಾಡಿನವರಿಗೆ ಚಿರಪರಿಚಿತವಾದ 'ಕುಟ್ರು' ಇವೆಲ್ಲ ಕೂಗಿನಿಂದಲೇ ಬಂದ ಹೆಸರುಗಳು. ಕುಟ್ರುವಿನ ಹತ್ತಿರದ ಬಂಧುವಾದ ಕಂಚುಕುಟಿಗದ ಹೆಸರಿನಲ್ಲಿ ಸದ್ದಿನ ಬದಲು ಅದನ್ನು ಹೋಲುವ ಕಸುಬು ಬಂದಿದೆ. ಎಲೆ ಉದುರಿದ ಕೊಂಬೆಯ ತುದಿಯಲ್ಲಿ ಕುಳಿತ ಈ ಪುಟ್ಟ ಹಕ್ಕಿ, ಕೊಕ್ಕನ್ನು ಮುಚ್ಚಿಕೊಂಡೇ ಗಂಟಲನ್ನು ಉಬ್ಬಿಸಿ, ಲೋಹದ ತಗಡಿನ ಮೇಲೆ ಸುತ್ತಿಗೆ ಬಿದ್ದಂತೆ ಸಮನಾದ ಅಂತರದಲ್ಲಿ 'ಟುಕ್ ಟುಕ್' ಎನ್ನುತ್ತಾ ಹೋಗುತ್ತದೆ. ಕೂಗುವಾಗ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಯಾವ ಕಡೆಯಿಂದ ಬರುತ್ತಿದೆ ಎಂಬುದು ಕೇಳುಗನಿಗೆ ಬೇಗ ಹೊಳೆಯುವುದಿಲ್ಲ.

ಸದ್ದನ್ನು ಅನುಕರಿಸದೆ ಅದರ ಗುಣವನ್ನು ಹೇಳುವ ಪದಗಳು ಬೇರೆಯೇ ಆಗಿವೆ. 'ಕೂಗು' ಎಂಬುದು ಹುಂಜಕ್ಕೂ ನವಿಲಿಗೂ ಸಲ್ಲುತ್ತದೆ, 'ಗುಟುರು' ಎಂಬುದು ಪಾರಿವಾಳಕ್ಕೂ ಗೂಳಿಗೂ ಸಲ್ಲುತ್ತದೆ. ಇಲ್ಲಿ ಪ್ರಾಣಿಯ ಗಾತ್ರಕ್ಕಿಂತ ಸದ್ದು ಗಂಟಲಿನೊಳಗೇ ಉರುಳುವ ಬಗೆ ಮುಖ್ಯವಾಗಿದೆ. ಇನಿದಾದ ಸರ, ಅಂದರೆ ಸ್ವರ, ಎಂಬ ಅರ್ಥದ 'ಇಂಚರ', ಅಸ್ಫುಟವಾದರೂ ಮಧುರವಾದ ದನಿ ಎಂಬ ಅರ್ಥದ 'ಕಲರವ' ಇವೆರಡೂ ಕಾವ್ಯದಿಂದ ಶಾಲಾ ಪ್ರಬಂಧಗಳವರೆಗೆ ಎಷ್ಟು ಸವೆದಿವೆ ಎಂದರೆ, ಇವುಗಳನ್ನು ಓದಿ ಯಾವ ಹಕ್ಕಿಯನ್ನೂ ಗುರುತಿಸಲಾಗದು. ಆ ಕೆಲಸಕ್ಕೆ ಹಳ್ಳಿಯವರ 'ಕುಟ್ರು ಕುಟ್ರು' ಎಷ್ಟೋ ಮೇಲು. 'ಕೇಕೆ'ಯ ಪಾಡು ಇನ್ನೂ ವಿಚಿತ್ರವಾದುದು: ಸಂಸ್ಕೃತದಲ್ಲಿ ನವಿಲಿನ ಕೂಗಿಗೆ ಮೀಸಲಾಗಿದ್ದ ಈ ಪದವನ್ನು ಇಂದಿನ ಕನ್ನಡಿಗರು ಬಹುಮಟ್ಟಿಗೆ ಸಂಭ್ರಮದಲ್ಲಿ ಕೂಗಾಡುವ ಮನುಷ್ಯರಿಗೇ ಬಿಟ್ಟುಕೊಟ್ಟಿದ್ದಾರೆ.

ಕೋಗಿಲೆಯ ವಿಷಯದಲ್ಲಿ ಸಂಪ್ರದಾಯ ಮತ್ತು ಕಿವಿ ಬೇರೆಬೇರೆ ದಾರಿ ಹಿಡಿದಿವೆ. ಸಪ್ತಸ್ವರಗಳನ್ನು ಪ್ರಾಣಿಪಕ್ಷಿಗಳಿಗೆ ಹಂಚಿದ ಪ್ರಾಚೀನ ಸಂಗೀತಶಾಸ್ತ್ರವು ನವಿಲಿಗೆ ಷಡ್ಜವನ್ನೂ ಕೋಗಿಲೆಗೆ ಪಂಚಮವನ್ನೂ ಕೊಟ್ಟಿತು. ಆದರೆ ಕೋಗಿಲೆಯ 'ಕುಹೂ' ಒಂದೇ ಸ್ವರದಲ್ಲಿ ನಿಲ್ಲದೆ, ಕೂಗಿನಿಂದ ಕೂಗಿಗೆ ಸ್ಥಾಯಿ ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಹಾಗೆ ಕೂಗುವುದು ಕಪ್ಪು ಬಣ್ಣದ ಗಂಡು. ಚುಕ್ಕೆಗಳುಳ್ಳ ಕಂದು ಬಣ್ಣದ ಹೆಣ್ಣಿನದು 'ಕಿಕ್ ಕಿಕ್' ಎಂಬ ಹರಿತವಾದ ದನಿ. ಗಾಯಕಿಯರನ್ನು ಕೋಗಿಲೆ ಕಂಠದವರೆಂದು ಹೊಗಳುವ ವಾಡಿಕೆಗೆ ಇದರಿಂದ ಯಾವ ಬಾಧೆಯೂ ತಟ್ಟಿಲ್ಲ.

ಅದೇ ಕೋಗಿಲೆಯ ಕುಲಕ್ಕೆ ಸೇರಿದ, ನೋಟಕ್ಕೆ ಗಿಡುಗದಂತಿರುವ ಇನ್ನೊಂದು ಹಕ್ಕಿಯ ಕೂಗನ್ನು ಭಾರತದ ಬೇರೆಬೇರೆ ಭಾಷಿಕರು ತಮ್ಮತಮ್ಮ ನುಡಿಯ ಮಾತಾಗಿಯೇ ಕೇಳಿಸಿಕೊಂಡಿದ್ದಾರೆ. ಬೇಸಿಗೆಯಲ್ಲಿ ಹಗಲಿರುಳೆನ್ನದೆ ಏರುತ್ತಾ ಹೋಗುವ ಆ ಕೂಗು ಹಿಂದಿಯವರಿಗೆ 'ಪೀ ಕಹಾಂ', ಅಂದರೆ ನಲ್ಲ ಎಲ್ಲಿ ಎಂದು ಕೇಳಿಸಿದರೆ, ಬಂಗಾಳಿಗಳಿಗೆ 'ಚೋಖ್ ಗೇಲೋ', ಕಣ್ಣು ಹೋಯಿತು ಎಂದು ಕೇಳಿಸುತ್ತದೆ. ಮರಾಠಿಗರ 'ಪಾವೂಸ್ ಆಲಾ' ಮಳೆ ಬಂತೆಂದು ಸಾರಿದರೆ, ಸೆಕೆಗೆ ನಿದ್ದೆಗೆಟ್ಟ ಇಂಗ್ಲಿಷರು ಅದನ್ನು 'ಬ್ರೈನ್ ಫೀವರ್' ಎಂದು ಕೇಳಿಸಿಕೊಂಡು, ಹಕ್ಕಿಗೂ ಅದೇ ಹೆಸರನ್ನು ಅಂಟಿಸಿದರು.