ಸ್ವಿಚ್ಚುಗಳ ನಡುವಣ ವೃಕ್ಷವ್ಯವಸ್ಥೆ ಮತ್ತು ಅದರ ದೋಷಶೋಧನೆ

ಶಾಸನಗಳನ್ನೂ ಕಡತಗಳನ್ನೂ ಓದುವುದರಲ್ಲಿ ಕಾಲಕಳೆಯುವ ಇತಿಹಾಸದ ಅಧ್ಯಾಪಕನೊಬ್ಬನು ಗಣಕಜಾಲದ ವಿಷಯವಾಗಿ ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇಂದು ಆ ಕಡತಗಳ ಚಿತ್ರಗಳು ನಮ್ಮ ಕೈಸೇರುವುದು ಜಾಲದ ಮೂಲಕವೇ. ಅದು ನಿಂತರೆ ನಮ್ಮ ಕೆಲಸವೂ ನಿಲ್ಲುತ್ತದೆ. ಅಂತಹ ಒಂದು ಸಂದರ್ಭದಲ್ಲಿ ದೋಷದ ಮೂಲವನ್ನು ಹುಡುಕುವವರ ಜೊತೆಯಲ್ಲಿರುವ ಅವಕಾಶ ನನಗೆ ದೊರೆಯಿತು. ಅವರು ಅನುಸರಿಸಬೇಕಾದ ವಿಧಾನಕ್ಕೂ ನಾವು ತರಗತಿಯಲ್ಲಿ ಬೋಧಿಸುವ ಪ್ರಮಾಣವಿಮರ್ಶೆಗೂ ಇರುವ ಸಾಮ್ಯವನ್ನು ಕಂಡು, ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪ್ರಯೋಜನವಾದೀತೆಂಬ ಭಾವನೆಯಿಂದ ಈ ವಿವರಣೆಯನ್ನು ಬರೆದಿದ್ದೇನೆ.

1. ವೃಕ್ಷವೇಕೆ ಬೇಕು?

ಒಂದು ಕಟ್ಟಡದ ಗಣಕಗಳನ್ನೆಲ್ಲ ಕೂಡಿಸುವ ಪೆಟ್ಟಿಗೆಗೆ ಸ್ವಿಚ್ಚು ಎಂದು ಹೆಸರು. ಹಲವು ಕಟ್ಟಡಗಳ ಸ್ವಿಚ್ಚುಗಳನ್ನು ತಂತಿಯಿಂದಲೋ ಗಾಜಿನೆಳೆಯಿಂದಲೋ ಒಂದಕ್ಕೊಂದು ಜೋಡಿಸಿದಾಗ ಜಾಲವಾಗುತ್ತದೆ. ಎರಡು ಕಟ್ಟಡಗಳ ನಡುವೆ ಒಂದೇ ದಾರಿಯಿದ್ದರೆ, ಅದು ಕಡಿದ ದಿನ ಸಂಪರ್ಕವೂ ಕಡಿಯುತ್ತದೆ. ಆದಕಾರಣ ಬಳಸುದಾರಿಯೊಂದನ್ನು ಇಟ್ಟುಕೊಳ್ಳುವುದು ವಾಡಿಕೆ. ತೊಡಕು ಹುಟ್ಟುವುದು ಇಲ್ಲಿಯೇ. ಎರಡು ದಾರಿಗಳು ಸೇರಿದರೆ ಒಂದು ವರ್ತುಲವಾಗುತ್ತದೆ. ಗಣಕವು ಹೊಸದೊಂದು ವಿಳಾಸವನ್ನು ಹುಡುಕುವಾಗ ಎಲ್ಲರನ್ನೂ ಉದ್ದೇಶಿಸಿ ಕೂಗಿ ಕೇಳುತ್ತದೆ. ಸ್ವಿಚ್ಚು ಆ ಕೂಗನ್ನು ತನ್ನ ಉಳಿದೆಲ್ಲ ಬಾಗಿಲುಗಳಿಂದ ಹೊರಕ್ಕೆ ಕಳುಹಿಸುತ್ತದೆ. ವರ್ತುಲವಿದ್ದಲ್ಲಿ ಆ ಕೂಗು ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ, ಮತ್ತೆ ಹೊರಡುತ್ತದೆ. ಅಂತರಜಾಲದ ಪೊಟ್ಟಣಕ್ಕೆ ಆಯುಸ್ಸಿನ ಎಣಿಕೆಯೊಂದುಂಟು. ಪ್ರತಿ ನಿಲ್ದಾಣದಲ್ಲಿ ಅದು ಒಂದೊಂದಾಗಿ ಕುಗ್ಗಿ ಕೊನೆಗೆ ಪೊಟ್ಟಣವು ಅಳಿಯುತ್ತದೆ. ಈಥರ್‌ನೆಟ್ಟಿನ ಚೌಕಟ್ಟಿಗಾದರೋ ಅಂತಹ ಆಯುಸ್ಸಿಲ್ಲ. ಅದು ಸುತ್ತುತ್ತಲೇ ಇರುತ್ತದೆ. ಕ್ಷಣಮಾತ್ರದಲ್ಲಿ ಇಂತಹ ಕೂಗುಗಳು ಜಾಲವನ್ನೆಲ್ಲ ತುಂಬಿ, ಬೇರೆ ಯಾವ ಮಾತಿಗೂ ಎಡೆಯಿಲ್ಲದಂತಾಗುತ್ತದೆ. ಇದನ್ನು ಪ್ರಸಾರದ ಬಿರುಗಾಳಿಯೆನ್ನುತ್ತಾರೆ.

ನಮ್ಮ ನಾಡಿನ ಕೆರೆಗಳ ಸರಣಿಯನ್ನು ನೆನೆದರೆ ವಿಷಯವು ಸ್ಪಷ್ಟವಾಗುತ್ತದೆ. ಮೇಲಿನ ಕೆರೆಯು ಕೋಡಿಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಜ್ಞಾನಭಾರತಿಯ ಬಳಿ ಹರಿಯುವ ವೃಷಭಾವತಿಯು ಅರ್ಕಾವತಿಯನ್ನು ಸೇರಿ, ಅದರೊಡನೆ ಕಾವೇರಿಯನ್ನು ಮುಟ್ಟುವುದೂ ಹೀಗೆಯೇ. ನೀರು ಹಿಂದಿರುಗಿ ಬಂದು ಸುತ್ತದಂತೆ ಭೂಮಿಯ ಇಳಿಜಾರೇ ಕಾಪಾಡುತ್ತದೆ. ಸ್ವಿಚ್ಚುಗಳ ಜಾಲಕ್ಕೆ ಸಹಜವಾದ ಇಳಿಜಾರಿಲ್ಲ. ಅದನ್ನು ಲೆಕ್ಕದಿಂದ ಕಲ್ಪಿಸಿಕೊಡುವ ವಿಧಾನವೇ ಸ್ಪ್ಯಾನಿಂಗ್ ಟ್ರೀ. ಎಲ್ಲ ಸ್ವಿಚ್ಚುಗಳನ್ನೂ ಮುಟ್ಟುವ, ಆದರೆ ಎಲ್ಲಿಯೂ ವರ್ತುಲವಿಲ್ಲದ ಒಂದು ವೃಕ್ಷವನ್ನು ಅದು ಜಾಲದೊಳಗೆ ಗುರುತಿಸುತ್ತದೆ; ಉಳಿದ ಕೊಂಡಿಗಳನ್ನು ಮುಚ್ಚಿ ಕಾದಿರಿಸುತ್ತದೆ. ಈ ವಿಧಾನವನ್ನು ಅಮೆರಿಕದ ಡಿಜಿಟಲ್ ಈಕ್ವಿಪ್ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ ರೂಪಿಸಿ, 1985ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. 1990ರಲ್ಲಿ ಅದು 802.1ಡಿ ಎಂಬ ಅಂಗೀಕೃತ ಮಾನಕವಾಯಿತು. ಶೀಘ್ರಗತಿಯ ಸುಧಾರಿತ ರೂಪವು 2001ರಲ್ಲಿ ಹೊರಬಂದಿತು.

2. ಮೂಲದ ಆಯ್ಕೆ

ವೃಕ್ಷಕ್ಕೆ ಬೇರು ಬೇಕಷ್ಟೆ. ಪ್ರತಿಯೊಂದು ಸ್ವಿಚ್ಚಿಗೂ ಒಂದು ಆದ್ಯತೆಯ ಅಂಕವೂ, ತಯಾರಕರು ಕೊಟ್ಟ ವಿಳಾಸಸಂಖ್ಯೆಯೂ ಇರುತ್ತವೆ. ಎರಡೂ ಸೇರಿದ ಗುರುತಿನಲ್ಲಿ ಯಾವುದು ಅತ್ಯಂತ ಚಿಕ್ಕದೋ ಆ ಸ್ವಿಚ್ಚೇ ಮೂಲ. ಯಾರೂ ಬದಲಿಸದಿದ್ದರೆ ಎಲ್ಲ ಸ್ವಿಚ್ಚುಗಳ ಆದ್ಯತೆಯೂ 32768 ಆಗಿರುತ್ತದೆ. ಆಗ ನಿರ್ಣಯವು ವಿಳಾಸಸಂಖ್ಯೆಯ ಪಾಲಿಗೆ ಬೀಳುತ್ತದೆ. ಒಂದೇ ತಯಾರಕರ ಹಳೆಯ ಯಂತ್ರಗಳಿಗೆ ಹಲವು ವೇಳೆ ಚಿಕ್ಕ ಸಂಖ್ಯೆಯಿರುವುದರಿಂದ, ಯಾವುದೋ ಮೂಲೆಯ ಕೊಠಡಿಯಲ್ಲಿ ಧೂಳು ತಿನ್ನುತ್ತಿರುವ ಮುದಿ ಸ್ವಿಚ್ಚು ಇಡೀ ಜಾಲಕ್ಕೆ ಒಡೆಯನಾಗಿ ಕುಳಿತಿರುವುದುಂಟು.

ಮೂಲವು ನಿಶ್ಚಯವಾದ ಮೇಲೆ ಉಳಿದ ಪ್ರತಿಯೊಂದು ಸ್ವಿಚ್ಚೂ ಅದನ್ನು ಸೇರುವ ಅತಿ ಕಡಿಮೆ ವೆಚ್ಚದ ದಾರಿಯನ್ನು ಆರಿಸುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಕೋಷ್ಟಕದಂತೆ 10 ಮೆಗಾಬಿಟ್ಟಿನ ಕೊಂಡಿಗೆ 100, 100 ಮೆಗಾಬಿಟ್ಟಿನದಕ್ಕೆ 19, ಒಂದು ಗಿಗಾಬಿಟ್ಟಿನದಕ್ಕೆ 4, ಹತ್ತು ಗಿಗಾಬಿಟ್ಟಿನದಕ್ಕೆ 2 ವೆಚ್ಚವೆಂದು ಎಣಿಕೆ. ಇದಕ್ಕೆ ಬೇಕಾದ ಸಮಾಚಾರವನ್ನು ಸ್ವಿಚ್ಚುಗಳು 2 ಸೆಕೆಂಡಿಗೊಮ್ಮೆ ಬಿ.ಪಿ.ಡಿ.ಯು. ಎಂಬ ಪುಟ್ಟ ಓಲೆಗಳ ಮೂಲಕ ನೆರೆಯವರಿಗೆ ತಿಳಿಸುತ್ತಿರುತ್ತವೆ.

3. ಮೌನದಿಂದ ತೀರ್ಮಾನ

ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಂದೇ ನಿಯಮದಲ್ಲಿ ಅಡಗಿವೆ. ಮುಚ್ಚಿದ ಬಾಗಿಲು ಓಲೆಗಳನ್ನು ಕಳುಹಿಸದಿದ್ದರೂ ಕೇಳುತ್ತಿರುತ್ತದೆ. 20 ಸೆಕೆಂಡುಗಳ ಕಾಲ ನೆರೆಯ ಸ್ವಿಚ್ಚಿನಿಂದ ಓಲೆ ಬರದಿದ್ದರೆ, ಆ ನೆರೆಯು ಅಳಿಯಿತೆಂದು ತಿಳಿದು ತೆರೆದುಕೊಳ್ಳಲು ಹೊರಡುತ್ತದೆ. ಆಲಿಸುವ ಅವಸ್ಥೆಯಲ್ಲಿ 15, ಕಲಿಯುವ ಅವಸ್ಥೆಯಲ್ಲಿ 15, ಹೀಗೆ ಒಟ್ಟು 50 ಸೆಕೆಂಡುಗಳಲ್ಲಿ ಬಾಗಿಲು ಪೂರ್ಣವಾಗಿ ತೆರೆಯುತ್ತದೆ. ನೆರೆಯು ನಿಜವಾಗಿಯೂ ಅಳಿದಿದ್ದರೆ ಇದು ಸರಿಯೇ. ಆದರೆ ಓಲೆ ಬಾರದಿರುವುದಕ್ಕೆ ಬೇರೆ ಕಾರಣಗಳೂ ಇರಬಹುದಲ್ಲವೆ?

ಒಬ್ಬ ಅರಸನ ಶಾಸನಗಳು ಒಂದು ಸೀಮೆಯಲ್ಲಿ ದೊರೆಯಲಿಲ್ಲವೆಂದಮಾತ್ರಕ್ಕೆ ಅವನ ಆಳ್ವಿಕೆ ಅಲ್ಲಿರಲಿಲ್ಲವೆಂದು ಹೇಳಬಾರದೆಂದು ನಾವು ವಿದ್ಯಾರ್ಥಿಗಳಿಗೆ ಎಚ್ಚರಿಕೆ ಕೊಡುತ್ತೇವೆ. ಕಲ್ಲು ಒಡೆದುಹೋಗಿರಬಹುದು, ಮನೆಯ ತಳಪಾಯಕ್ಕೆ ಸೇರಿರಬಹುದು, ಹುಡುಕುವವರ ಕಣ್ಣಿಗೆ ಬೀಳದಿರಬಹುದು. ಹಳೆಯ ಸ್ಪ್ಯಾನಿಂಗ್ ಟ್ರೀ ಆದರೋ ಮೌನವನ್ನೇ ಪ್ರಮಾಣವೆಂದು ನಂಬುತ್ತದೆ. ಅದರ ಕಠಿಣವಾದ ದೋಷಗಳಲ್ಲಿ ಹಲವಕ್ಕೆ ಕಾರಣ ಇದೇ.

4. ಒಂದು ನಿದರ್ಶನ

ನಾನು ಹಿಂದೆ ಕೆಲಸಮಾಡುತ್ತಿದ್ದ ಒಂದು ವಿದ್ಯಾಸಂಸ್ಥೆಯಲ್ಲಿ ಐದು ಕಟ್ಟಡಗಳಿಗೆ ಐದು ಮುಖ್ಯ ಸ್ವಿಚ್ಚುಗಳೂ, ಅವುಗಳ ನಡುವೆ ಆರು ಕೊಂಡಿಗಳೂ ಇದ್ದುವು. ಕಾರ್ಯಾಲಯದ ಸ್ವಿಚ್ಚು ಮೂಲ. ಕಾರ್ಯಾಲಯ, ಗ್ರಂಥಾಲಯ, ಇತಿಹಾಸ ವಿಭಾಗ ಈ ಮೂರೂ ಒಂದು ತ್ರಿಕೋನದಂತೆ ಕೂಡಿದ್ದುವು. ಗ್ರಂಥಾಲಯಕ್ಕೂ ನಮಗೂ ನಡುವಣ ಕೊಂಡಿಯು ನಮ್ಮ ಕಡೆಯಲ್ಲಿ ಮುಚ್ಚಿರಬೇಕಾಗಿದ್ದಿತು. ಆ ವರ್ಷ ಜೀರ್ಣವಾಗುತ್ತಿದ್ದ ಕಡತಗಳ ಚಿತ್ರಗಳನ್ನು ತೆಗೆದು ಗ್ರಂಥಾಲಯದ ಸಂಗ್ರಹಕ್ಕೆ ಕಳುಹಿಸುವ ಕೆಲಸ ನಡೆಯುತ್ತಿತ್ತು. ಕೆಲವು ಹಾಳೆಗಳು ಎರಡನೆಯ ಬಾರಿ ಬಿಡಿಸಲು ತಡೆಯುವ ಸ್ಥಿತಿಯಲ್ಲಿರಲಿಲ್ಲ. ನಡುನಡುವೆ ಜಾಲವೆಲ್ಲ ಸ್ತಬ್ಧವಾಗಿ, ಚಿತ್ರಗಳು ಅರ್ಧಂಬರ್ಧವಾಗಿ ಸೇರತೊಡಗಿದುವು.

ಚಿತ್ರಗಳನ್ನು ಕಳುಹಿಸುತ್ತಿದ್ದವರು ಹಂಗಾಮಿಯಾಗಿ ನೇಮಕವಾಗಿದ್ದ ಒಬ್ಬ ಸಹಾಯಕರು. ಜಾಲ ನಿಂತಾಗಲೆಲ್ಲ ಅವರು ಚಿತ್ರ ಕಳುಹಿಸುತ್ತಿದ್ದರೆಂಬುದು ಎಲ್ಲರ ಕಣ್ಣಿಗೂ ಬಿದ್ದಿತು. ದೊಡ್ಡ ಕಡತಗಳನ್ನು ಒಮ್ಮೆಗೇ ಕಳುಹಿಸಿ ಜಾಲವನ್ನು ಕೆಡಿಸುತ್ತಿದ್ದಾರೆಂದು ಆಪಾದನೆ ಬಂದು, ಅವರ ನೇಮಕವನ್ನು ಮುಂದುವರಿಸಬಾರದೆಂಬ ಮಾತೂ ಹುಟ್ಟಿತು. ಅವರು ಬೆಳಗಿನಿಂದ ಸಂಜೆಯವರೆಗೆ ಚಿತ್ರ ಕಳುಹಿಸುತ್ತಲೇ ಇದ್ದರಾದುದರಿಂದ, ಹಗಲಿನಲ್ಲಿ ಜಾಲ ಯಾವಾಗ ನಿಂತರೂ ಅದು ಅವರ ಕೆಲಸದ ಹೊತ್ತಿನಲ್ಲಿಯೇ ಆಗಿರುತ್ತಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ.

ಪ್ರಯೋಗಾಲಯದ ತಂತ್ರಜ್ಞರೊಡನೆ ಸ್ವಿಚ್ಚುಗಳ ದಿನಚರಿಯನ್ನು ನೋಡಲು ಕುಳಿತೆವು. ಅಲ್ಲಿ ಮೊದಲನೆಯ ತೊಡಕು ಕಾಲನಿರ್ಣಯದ್ದು. ಕಾರ್ಯಾಲಯದ ಸ್ವಿಚ್ಚಿನ ಗಡಿಯಾರ ಸರಿಯಾಗಿದ್ದಿತು. ನಮ್ಮ ವಿಭಾಗದ ಸ್ವಿಚ್ಚಿಗೆ ಯಾರೂ ಕಾಲವನ್ನು ತಿಳಿಸಿಯೇ ಇರಲಿಲ್ಲ. ಅಂತಹ ಯಂತ್ರಗಳಲ್ಲಿ ಕೆಲವು ವಿದ್ಯುತ್ತು ಬಂದೊಡನೆ 1993ರ ಮಾರ್ಚ್ 1ರಿಂದ ಎಣಿಕೆ ತೊಡಗುತ್ತವೆ. ಎರಡು ಬೇರೆ ಶಕೆಗಳಲ್ಲಿ ಬರೆದ ಶಾಸನಗಳನ್ನು ಹೊಂದಿಸುವ ಕೆಲಸವಾಯಿತು. ಶಾಸನದಲ್ಲಿ ಗ್ರಹಣದ ಉಲ್ಲೇಖವಿದ್ದರೆ ಕಾಲವನ್ನು ನಿಶ್ಚಯಿಸಲು ಅದು ಆಧಾರವಾಗುತ್ತದೆ. ನಾವು ಬೇಕೆಂದೇ ಒಂದು ಗ್ರಹಣವನ್ನು ಉಂಟುಮಾಡಿದೆವು. ಕಾರ್ಯಾಲಯಕ್ಕೂ ನಮಗೂ ಇರುವ ಕೊಂಡಿಯನ್ನು ಕ್ಷಣಕಾಲ ಕಿತ್ತು ಮತ್ತೆ ಸೇರಿಸಿದೆವು. ಕೊಂಡಿ ಬಿದ್ದುದನ್ನು ಎರಡು ಸ್ವಿಚ್ಚುಗಳೂ ತಮ್ಮ ತಮ್ಮ ಕಾಲದಲ್ಲಿ ದಾಖಲಿಸಿದುವು. ಅವುಗಳ ಅಂತರವೇ ಎರಡು ಗಡಿಯಾರಗಳ ಅಂತರ.

ದಿನಚರಿಗಳನ್ನು ಹೊಂದಿಸಿ ಓದಿದಾಗ ಕ್ರಮವು ತಿಳಿಯಿತು. ಪ್ರತಿಬಾರಿಯೂ ಮೊದಲು ನಮ್ಮ ಸ್ವಿಚ್ಚಿನ ಮುಚ್ಚಿದ ಬಾಗಿಲು ಆಲಿಸುವ ಅವಸ್ಥೆಗೆ ಬಂದಿದೆ. ಅದಾದ 30 ಸೆಕೆಂಡುಗಳಿಗೆ ಪೂರ್ಣವಾಗಿ ತೆರೆದಿದೆ. ಒಂದೇ ಗಣಕದ ವಿಳಾಸವು ಎರಡು ಬಾಗಿಲುಗಳಲ್ಲಿ ಕಾಣಿಸುತ್ತಿದೆಯೆಂದು ಇತರ ಸ್ವಿಚ್ಚುಗಳು ದೂರತೊಡಗಿರುವುದು ಆಮೇಲೆ. ಬಾಗಿಲು ತೆರೆದುದು ಬಿರುಗಾಳಿಗೆ ಮುಂಚೆ. ಆದುದರಿಂದ ಅದು ಬಿರುಗಾಳಿಯ ಪರಿಣಾಮವಾಗಿರಲಾರದು. ಅದಕ್ಕೂ ಹಿಂದಿನ 20 ಸೆಕೆಂಡುಗಳ ಮೌನವನ್ನು ಯಾವ ಸ್ವಿಚ್ಚೂ ಬರೆದಿರಲಿಲ್ಲ. ಅದನ್ನು ನಾವು ಊಹಿಸಿಕೊಳ್ಳಬೇಕಾಯಿತು.

ಆ ಕೊಂಡಿಯು ಎರಡು ಗಾಜಿನೆಳೆಗಳದು: ಒಂದು ಹೋಗಲು, ಒಂದು ಬರಲು. ಎರಡು ತುದಿಗಳಲ್ಲಿಯೂ ಹಳೆಯ ಮೀಡಿಯಾ ಕನ್ವರ್ಟರುಗಳಿದ್ದುವು. ನಲ್ಲಿಯ ಕೊಳವೆಗಾಗಿ ನೆಲವನ್ನು ಅಗೆದಲ್ಲಿ ಕೇಬಲ್ಲು ಬಾಗಿ, ಗ್ರಂಥಾಲಯದಿಂದ ನಮ್ಮ ಕಡೆಗೆ ಬರುವ ಎಳೆಯಲ್ಲಿ ಬೆಳಕು ಆಗಾಗ ನಿಲ್ಲುತ್ತಿತ್ತು. ಕನ್ವರ್ಟರಿಗೂ ಸ್ವಿಚ್ಚಿಗೂ ನಡುವಣ ತಾಮ್ರದ ತಂತಿ ನೆಟ್ಟಗಿದ್ದುದರಿಂದ ಸ್ವಿಚ್ಚಿನ ಹಸಿರು ದೀಪ ಉರಿಯುತ್ತಲೇ ಇತ್ತು. ಗ್ರಂಥಾಲಯದ ಓಲೆಗಳು ಬಾರದಿರಲು, ನಮ್ಮ ಸ್ವಿಚ್ಚು ನೆರೆಯು ಅಳಿಯಿತೆಂದು ತಿಳಿದು ಬಾಗಿಲನ್ನು ತೆರೆಯಿತು. ಇತ್ತಿಂದ ಅತ್ತ ಹೋಗುವ ಎಳೆ ಸರಿಯಾಗಿದ್ದುದರಿಂದ, ಚೌಕಟ್ಟುಗಳು ನಮ್ಮಿಂದ ಗ್ರಂಥಾಲಯಕ್ಕೆ, ಅಲ್ಲಿಂದ ಕಾರ್ಯಾಲಯಕ್ಕೆ, ಮತ್ತೆ ನಮ್ಮಲ್ಲಿಗೆ ಹೀಗೆ ಒಂದೇ ದಿಕ್ಕಿನಲ್ಲಿ ಸುತ್ತಿದುವು. ಕೇಬಲ್ಲನ್ನು ಬದಲಿಸಿದ ಮೇಲೆ, ಅದೇ ಸಹಾಯಕರು ಅವೇ ಚಿತ್ರಗಳನ್ನು ಅದೇ ರೀತಿಯಲ್ಲಿ ಕಳುಹಿಸಿದರು; ಜಾಲ ನಿಲ್ಲಲಿಲ್ಲ. ಅವರ ನೇಮಕವೂ ಮುಂದುವರಿಯಿತು.

2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೇಂದ್ರದಲ್ಲಿ ಸುಮಾರು ನಾಲ್ಕು ದಿನ ಜಾಲವು ಕೆಟ್ಟು, ವೈದ್ಯರು ಕಾಗದದ ಚೀಟಿಗಳಿಗೆ ಹಿಂದಿರುಗಬೇಕಾಯಿತು. ಅಲ್ಲಿಯೂ ಸಂಶೋಧಕರೊಬ್ಬರು ಜಾಲಕ್ಕೆ ಹಾಕಿದ ಭಾರಿ ದತ್ತಾಂಶವೇ ಮೊದಲು ಕಣ್ಣಿಗೆ ಬಿದ್ದುದು. ಮಾನಕದ ಕಾಲಗಣನೆಯು ಜಾಲದ ವ್ಯಾಸ ಏಳು ಸ್ವಿಚ್ಚುಗಳೆಂದು ಭಾವಿಸಿರುತ್ತದೆ. ಅಲ್ಲಿಯ ಜಾಲವು ವರ್ಷವರ್ಷಕ್ಕೆ ಬೆಳೆದು ಆ ಮಿತಿಯನ್ನು ದಾಟಿದ್ದಿತು. ನಿಮಿತ್ತಕ್ಕೂ ಕಾರಣಕ್ಕೂ ಇರುವ ಭೇದವು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ.

5. ಶೋಧನಕ್ರಮ

ಈ ಅನುಭವದಿಂದ ಹೊರಟ ಕ್ರಮವನ್ನು ಇಲ್ಲಿ ಸಂಗ್ರಹಿಸಬಹುದು.

(ಅ) ಬಿರುಗಾಳಿಯಿರುವಾಗ ಜಾಲದ ಮೂಲಕ ಸ್ವಿಚ್ಚನ್ನು ಮಾತನಾಡಿಸುವುದು ಸಾಧ್ಯವಾಗದಿರಬಹುದು. ಕನ್ಸೋಲ್ ತಂತಿಯನ್ನು ನೇರವಾಗಿ ಜೋಡಿಸಬೇಕು. ಸ್ವಿಚ್ಚನ್ನು ಆರಿಸಿ ಹೊತ್ತಿಸಿದರೆ ಅದರ ನೆನಪಿನಲ್ಲಿರುವ ದಿನಚರಿ ಅಳಿದುಹೋಗುತ್ತದೆ. ಆದಕಾರಣ ಮೊದಲು ಅದನ್ನು ಪ್ರತಿಮಾಡಿಕೊಳ್ಳತಕ್ಕದ್ದು. ಬಳಿಕ ಹೆಚ್ಚಿನ ಕೊಂಡಿಗಳನ್ನು ಒಂದೊಂದಾಗಿ ಕೀಳುತ್ತ, ಯಾವುದನ್ನು ಕಿತ್ತಾಗ ಗಾಳಿ ಅಡಗಿತೆಂಬುದನ್ನು ಬರೆದಿಡಬೇಕು.

(ಆ) ಪ್ರತಿಯೊಂದು ಸ್ವಿಚ್ಚನ್ನೂ ಮೂಲ ಯಾವುದೆಂದು ಕೇಳಬೇಕು. ಎಲ್ಲವೂ ಒಂದೇ ಉತ್ತರ ಕೊಡಬೇಕು. ಇಬ್ಬರು ತಾವೇ ಮೂಲವೆಂದರೆ, ಅವರ ನಡುವೆ ಓಲೆಗಳು ಸಾಗುತ್ತಿಲ್ಲವೆಂದು ಅರ್ಥ.

(ಇ) ಮುಚ್ಚಿದ ಕೊಂಡಿಗಳನ್ನು ಎಣಿಸಬೇಕು. ಐದು ಸ್ವಿಚ್ಚುಗಳ ವೃಕ್ಷಕ್ಕೆ ನಾಲ್ಕು ಕೊಂಡಿಗಳು ಸಾಕು. ಆರು ಇದ್ದರೆ ಎರಡು ಮುಚ್ಚಿರಬೇಕು. ದೋಷವಿದ್ದ ಹೊತ್ತಿನಲ್ಲಿ ನಾವು ಎಣಿಸಿದ್ದರೆ ಒಂದೇ ಸಿಕ್ಕುತ್ತಿತ್ತು. ಇದಕ್ಕಾಗಿ ಜಾಲದ ನಕ್ಷೆಯೊಂದು ಮೊದಲೇ ಕಾಗದದ ಮೇಲಿರಬೇಕು.

(ಈ) ಜಾಲದ ರಚನೆ ಎಷ್ಟು ಬಾರಿ ಬದಲಾಯಿತು, ಕೊನೆಯ ಬದಲಾವಣೆಯ ಸುದ್ದಿ ಯಾವ ಬಾಗಿಲಿನಿಂದ ಬಂದಿತು ಎಂಬುದನ್ನು ಸ್ವಿಚ್ಚು ಲೆಕ್ಕವಿಟ್ಟಿರುತ್ತದೆ. ಆ ಬಾಗಿಲನ್ನು ಹಿಡಿದು ಸ್ವಿಚ್ಚಿನಿಂದ ಸ್ವಿಚ್ಚಿಗೆ ನಡೆದರೆ ಸುದ್ದಿಯ ಮೂಲವು ದೊರೆಯುತ್ತದೆ.

(ಉ) ಹಸಿರು ದೀಪವನ್ನು ನಂಬಬಾರದು. ಎರಡು ದಿಕ್ಕಿನಲ್ಲಿಯೂ ಓಲೆಗಳು ಬರುತ್ತಿವೆಯೇ ಎಂದು ಎರಡು ತುದಿಗಳಲ್ಲಿಯೂ ಎಣಿಸಿ ನೋಡಬೇಕು.

(ಊ) ಮೇಜಿನ ಕೆಳಗಿನ ಅಗ್ಗದ ಪುಟ್ಟ ಸ್ವಿಚ್ಚುಗಳನ್ನು ಮರೆಯಬಾರದು. ಅವುಗಳಲ್ಲಿ ಕೆಲವು ತಾವು ಸ್ಪ್ಯಾನಿಂಗ್ ಟ್ರೀಯನ್ನು ನಡೆಸುವುದೂ ಇಲ್ಲ, ಇತರರ ಓಲೆಗಳನ್ನು ಮುಂದೆ ಸಾಗಿಸುವುದೂ ಇಲ್ಲ. ಒಂದೇ ತಂತಿಯ ಎರಡು ತುದಿಗಳನ್ನೂ ಅಂತಹುದರಲ್ಲಿ ಸಿಕ್ಕಿಸಿದರೆ ಹುಟ್ಟುವ ವರ್ತುಲವು ಮುಖ್ಯ ಸ್ವಿಚ್ಚಿನ ಕಣ್ಣಿಗೆ ಕಾಣುವುದೇ ಇಲ್ಲ.

6. ನಿವಾರಣೆ

ಮೂಲವಾಗತಕ್ಕ ಸ್ವಿಚ್ಚಿಗೆ 4096ರಂತಹ ಚಿಕ್ಕ ಆದ್ಯತೆಯನ್ನು ಕೈಯಾರೆ ಕೊಡುವುದು, ಎಲ್ಲ ಗಡಿಯಾರಗಳನ್ನೂ ಒಂದೇ ಕಾಲಕ್ಕೆ ಹೊಂದಿಸುವುದು, ದಿನಚರಿಗಳನ್ನು ಒಂದು ಕಡೆ ಕೂಡಿಡುವುದು, ಗಣಕಗಳಿಗೆ ಮೀಸಲಾದ ಬಾಗಿಲಲ್ಲಿ ಓಲೆ ಕಂಡರೆ ಅದನ್ನು ಮುಚ್ಚುವ ಕಾವಲನ್ನು ಇಡುವುದು, ಪ್ರಸಾರಕ್ಕೆ ಮಿತಿ ಹಾಕುವುದು, ಇವು ಸಾಮಾನ್ಯವಾದ ಉಪಾಯಗಳು. 2001ರ ಸುಧಾರಿತ ವಿಧಾನವು ಮುಂದೆ ಪರಿಷ್ಕೃತವಾಗಿ, ನೆರೆಯವನ ಮಾತು ತನ್ನ ತಿಳಿವಳಿಕೆಗೆ ವಿರುದ್ಧವಾಗಿದ್ದರೆ ಬಾಗಿಲನ್ನು ತೆರೆಯದೆ ತಡೆಯುವ ಕ್ರಮವನ್ನೂ ಪಡೆದಿದೆ. ನಮ್ಮ ಹಳೆಯ ಸ್ವಿಚ್ಚುಗಳಲ್ಲಿ ಅದಿದ್ದಿದ್ದರೆ ಗ್ರಂಥಾಲಯದ ಸ್ವಿಚ್ಚು ತೊಡಕನ್ನು ತಾನೇ ಕಂಡುಕೊಳ್ಳುತ್ತಿತ್ತು.

ಯಂತ್ರಕ್ಕೆ ಇಂತಹ ಎಚ್ಚರವನ್ನು ಕಲಿಸುವುದು ಇಂಜಿನಿಯರುಗಳ ಕೆಲಸ. ದಾಖಲೆಯನ್ನು ಓದದೆ ಮನುಷ್ಯನ ಮೇಲೆ ತಪ್ಪು ಹೊರಿಸದಿರುವ ಎಚ್ಚರವಾದರೋ ನಮ್ಮೆಲ್ಲರಿಗೂ ಸೇರಿದ್ದು. ತಮ್ಮ ಕಾಲೇಜಿನ ಜಾಲದ ನಕ್ಷೆಯೊಂದನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿ, ಮುಚ್ಚಿರಬೇಕಾದ ಕೊಂಡಿಗಳೆಷ್ಟೆಂದು ಅವರಿಂದಲೇ ಎಣಿಸಿ ನೋಡಿಸಿದರೆ ಈ ಲೇಖನದ ಉದ್ದೇಶವು ಸಾರ್ಥಕವಾಗುವುದು.